ಗ್ಲಾಸಿಗೆ ಹಬೆ, ಕಾಲಿಗೆ ಗಾಳಿ, ಬ್ಲೋವರ್ ನಾಲ್ಕರಲ್ಲಿ ಮಾತ್ರ: ಇದು ಗ್ಯಾಸಿನ ತೊಂದರೆಯೇ?

ಪ್ರಶ್ನೆ: ನನ್ನದು ಏಳು ವರ್ಷ ಹಳೆಯ ಸಣ್ಣ ಕಾರು. ಎ.ಸಿ.ಗೆ ತಿರುಗಿಸುವ ಮೂರು ನಾಬ್‌ಗಳಿವೆ. ದಿನಾ ಬ್ರಹ್ಮಾವರದಿಂದ ಮಂಗಳೂರಿಗೆ ಹೋಗಿ ಬರುತ್ತೇನೆ. ಮಳೆ ಶುರುವಾದರೆ ಮುಂದಿನ ಗ್ಲಾಸಿಗೆ ಹಬೆ ಹಿಡಿಯುತ್ತದೆ. ಗ್ಲಾಸಿನ ಗುರುತಿಗೆ ತಿರುಗಿಸಿ ಫುಲ್ ಕೂಲ್ ಇಟ್ಟರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಮೊದಲಿಗಿಂತ ಜಾಸ್ತಿ ಮಬ್ಬು. ನಾಬ್ ಮುಖದ ಗುರುತಿನಲ್ಲಿದ್ದರೂ ಕಾಲಿನ ಹತ್ತಿರ ಗಾಳಿ ಬರುತ್ತದೆ, ಮಧ್ಯದ ವೆಂಟಿನಲ್ಲಿ ಜೋರಿಲ್ಲ, ಹಿಂದೆ ಕೂತವರಿಗೆ ಸೆಕೆ. ಈಗೀಗ ಬ್ಲೋವರ್ 4ರಲ್ಲಿ ಮಾತ್ರ ತಿರುಗುತ್ತದೆ. ಗ್ಯಾರೇಜಿನಲ್ಲಿ ಗ್ಯಾಸ್ ತುಂಬಿಸಿ ಎನ್ನುತ್ತಾರೆ. ತುಂಬಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳಿದ ಯಾವ ಲಕ್ಷಣವೂ ನೇರವಾಗಿ ಗ್ಯಾಸಿನತ್ತ ಬೆರಳು ತೋರಿಸುತ್ತಿಲ್ಲ. ಗ್ಯಾಸು, ಕಂಪ್ರೆಸರು, ಕಂಡೆನ್ಸರು ಇವುಗಳ ಕೆಲಸ ತಂಪು ಹುಟ್ಟಿಸುವುದು. ಹುಟ್ಟಿದ ತಂಪನ್ನು ಗ್ಲಾಸಿಗೆ, ಮುಖಕ್ಕೆ, ಕಾಲಿಗೆ ಹಂಚುವುದು ಡ್ಯಾಶ್‌ಬೋರ್ಡಿನ ಹಿಂದೆ ಕೂತಿರುವ ಪ್ಲಾಸ್ಟಿಕ್ ಪೆಟ್ಟಿಗೆಯ ಕೆಲಸ. ನಿಮ್ಮ ತೊಂದರೆ ಬಹುಪಾಲು ಆ ಪೆಟ್ಟಿಗೆಯಲ್ಲೇ ಉಂಟು. ಅದರೊಳಗೆ ಗಾಳಿ ಯಾವ ದಾರಿಯಲ್ಲಿ ಹೋಗುತ್ತದೆಂದು ಒಮ್ಮೆ ತಿಳಿದುಕೊಂಡರೆ ಅರ್ಧ ಪರೀಕ್ಷೆಯನ್ನು ನೀವೇ ಮಾಡಬಹುದು.

ಗಾಳಿ ಒಳಬರಲು ಎರಡು ಬಾಗಿಲು. ಒಂದು ಹೊರಗಿನದು: ಬಾನೆಟ್ ಮತ್ತು ಮುಂದಿನ ಗ್ಲಾಸು ಸೇರುವಲ್ಲಿ, ವೈಪರಿನ ಬುಡದಲ್ಲಿರುವ ಕಪ್ಪು ಜಾಲರಿ. ಇನ್ನೊಂದು ಒಳಗಿನದು: ಗ್ಲೋವ್ ಬಾಕ್ಸಿನ ಕೆಳಗೆ ಕಾರಿನೊಳಗಿನ ಗಾಳಿಯನ್ನೇ ಎಳೆಯುವ ಬಾಯಿ. ಕಾರಿನ ಚಿತ್ರದೊಳಗೆ ಸುತ್ತಿದ ಬಾಣ ಇರುವ ಗುಂಡಿಯೋ ಸರಿಸುವ ಕಡ್ಡಿಯೋ ಇರುತ್ತದಲ್ಲ, ಅದು ಇವೆರಡರಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತದೆ. ಅಲ್ಲಿಂದ ಗಾಳಿ ಕ್ಯಾಬಿನ್ ಫಿಲ್ಟರ್, ಬ್ಲೋವರ್ ದಾಟಿ ಇವಾಪರೇಟರಿಗೆ, ಅಂದರೆ ಕೂಲಿಂಗ್ ಕಾಯಿಲಿಗೆ ಬರುತ್ತದೆ. ಇಲ್ಲಿ ಒಳದಾರಿ ಇಲ್ಲ, ಬಂದ ಗಾಳಿಯೆಲ್ಲ ಈ ಕಾಯಿಲನ್ನು ಹಾದೇ ಮುಂದೆ ಹೋಗಬೇಕು. ಅದರಾಚೆ ಹೀಟರ್ ಕೋರ್. ಅದರಲ್ಲಿ ಎಂಜಿನ್ನಿನ ಬಿಸಿ ಕೂಲಂಟ್ ಹರಿಯುತ್ತದೆ, ಎಂಜಿನ್ ಕಾದ ಮೇಲೆ ಸುಮಾರು 85ರಿಂದ 95 ಡಿಗ್ರಿ. ನೀಲಿ-ಕೆಂಪು ನಾಬ್ ತಿರುಗಿಸಿದಾಗ ಕಂಪ್ರೆಸರಿಗೇನೂ ಆಗುವುದಿಲ್ಲ. ತಂಪಾದ ಗಾಳಿಯಲ್ಲಿ ಎಷ್ಟು ಪಾಲು ಹೀಟರ್ ಕೋರಿನ ಮೂಲಕ ಹೋಗಬೇಕೆಂದು ಒಂದು ಫ್ಲಾಪ್, ಅಂದರೆ ಪುಟ್ಟ ಬಾಗಿಲು, ತೀರ್ಮಾನಿಸುತ್ತದೆ, ಅಷ್ಟೆ. ಕೊನೆಗೆ ಗ್ಲಾಸು, ಮುಖ, ಕಾಲು ಎಂದು ಹಂಚುವ ಮೋಡ್ ಫ್ಲಾಪ್‌ಗಳು.

ಮೊದಲು ತಂಪು, ಆಮೇಲೆ ಬಿಸಿ ಎಂಬ ಈ ಅನುಕ್ರಮ ನೆನಪಿನಲ್ಲಿರಲಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಾರಿನ ಗ್ಲಾಸು ತಿಳಿಯಾಗಿ ಉಳಿಯುವುದು ಇದರಿಂದಲೇ. ಜುಲೈಯ ಗಾಳಿ 27 ಡಿಗ್ರಿ ಇದ್ದು ತೇವಾಂಶ ಶೇ. 90 ಇದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರು ಆವಿಯಾಗಿ ಇರುತ್ತದೆ. ಕಾಯಿಲಿನ ಮೇಲೆ ಅದೇ ಗಾಳಿ 7 ಡಿಗ್ರಿಗೆ ಇಳಿದರೆ ಉಳಿಯುವುದು 8 ಗ್ರಾಂಗಿಂತ ಕಡಿಮೆ, ಮಿಕ್ಕದ್ದು ನೀರಾಗಿ ಕಾಯಿಲಿನಿಂದ ಕೆಳಗಿಳಿಯುತ್ತದೆ. ಬ್ಲೋವರ್ ಗಂಟೆಗೆ 150 ಘನ ಮೀಟರ್ ಹೊರಗಾಳಿ ತಳ್ಳುತ್ತಿದೆ ಎಂದಿಟ್ಟುಕೊಂಡರೆ ಗಂಟೆಗೆ ಎರಡು ಲೀಟರಿಗೂ ಹೆಚ್ಚು ನೀರು. ಎ.ಸಿ. ಹಾಕಿ ನಿಲ್ಲಿಸಿದ ಕಾರಿನಡಿ ನೀರು ಹರಿಯುವುದು ಇದೇ ಲೆಕ್ಕದ್ದು. ಹೀಗೆ ಒಣಗಿದ ಗಾಳಿಯನ್ನು ಹೀಟರ್ ಕೋರಿನಲ್ಲಿ 25 ಡಿಗ್ರಿಗೆ ಏರಿಸಿದರೆ ಅದರ ತೇವಾಂಶ ಶೇ. 32ರ ಆಸುಪಾಸಿಗೆ ಬರುತ್ತದೆ. ಗ್ಲಾಸಿನ ಮೇಲಿನ ನೀರನ್ನು ಹೀರುವ ಶಕ್ತಿ ಇರುವುದು ಈ ಗಾಳಿಗೆ, ಬರೀ ತಣ್ಣನೆಯ ಗಾಳಿಗಲ್ಲ.

ಈಗ ನಿಮ್ಮ ಮಬ್ಬಿನ ವಿಷಯ. ಹಬೆ ಎರಡು ಬಗೆ. ಒಂದಕ್ಕೆ ಮಾಡಿದ ಉಪಾಯ ಇನ್ನೊಂದನ್ನು ಹೆಚ್ಚಿಸುತ್ತದೆ, ನಿಮಗೆ ಆಗುತ್ತಿರುವುದೂ ಅದೇ.

ಒಳಗಿನ ಹಬೆ ನಮ್ಮ ಉಸಿರು, ಒದ್ದೆ ಬಟ್ಟೆ, ಕೊಡೆ, ಮ್ಯಾಟುಗಳಿಂದ ಬರುವಂಥದ್ದು. ಸುಮ್ಮನೆ ಕೂತ ಒಬ್ಬ ಮನುಷ್ಯನೇ ಗಂಟೆಗೆ ಸುಮಾರು 50 ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾನೆ. ಎ.ಸಿ. ಆಫ್ ಮಾಡಿ ಒಳಗಾಳಿಯಲ್ಲೇ ಹೋದರೆ ಆ ನೀರಿಗೆ ಗ್ಲಾಸಿನ ಹೊರತು ಬೇರೆ ಜಾಗವಿಲ್ಲ. ಹೊರಗಿನ ಹಬೆಯ ಕತೆ ಬೇರೆ. ಮಳೆಗಾಲದಲ್ಲಿ ನಮ್ಮ ಗಾಳಿಯ ಇಬ್ಬನಿ ಬಿಂದು 24–25 ಡಿಗ್ರಿಯಷ್ಟಿರುತ್ತದೆ. ಅದಕ್ಕಿಂತ ತಣ್ಣಗಾದ ಯಾವ ಮೈಯ ಮೇಲೂ ನೀರು ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಕೂತಂತೆ. ನೀವು ಫುಲ್ ಕೂಲ್ ಇಟ್ಟು ಗ್ಲಾಸಿಗೇ ಊದಿದಾಗ ಒಳಗಿನ ಹಬೆ ಹೋಯಿತು. ಅಷ್ಟರಲ್ಲಿ ಗ್ಲಾಸೇ 20 ಡಿಗ್ರಿಗಿಳಿದು ಹೊರಮೈ ಬೆವರಲು ಶುರುವಾಯಿತು. ನಿಮ್ಮ ಕಣ್ಣಿಗೆ ಎರಡೂ ಒಂದೇ ಮಬ್ಬು.

ಗೊತ್ತುಮಾಡಿಕೊಳ್ಳಲು ವೈಪರನ್ನು ಒಮ್ಮೆ ಆಡಿಸಿ. ಮಬ್ಬು ಹೋದರೆ ಅದು ಹೊರಗಿನದು. ಹೋಗದಿದ್ದರೆ, ನಿಮ್ಮ ಪಕ್ಕದವರು ಒಳಗಿನಿಂದ ಬೆರಳಲ್ಲಿ ಎಳೆದಾಗ ಗೆರೆ ಮೂಡಿದರೆ, ಒಳಗಿನದು.

ಒಳಗಿನ ಹಬೆಗೆ: ಎ.ಸಿ. ಆನ್, ಹೊರಗಾಳಿ, ಗ್ಲಾಸಿನ ಗುರುತು, ಬ್ಲೋವರ್ 3 (ಬ್ಲೋವರ್ ರಿಪೇರಿಯಾದ ಮೇಲೆ), ತಾಪಮಾನದ ನಾಬ್ ಮಧ್ಯಕ್ಕಿಂತ ಸ್ವಲ್ಪ ಕೆಂಪಿನ ಕಡೆ. ಒಂದೆರಡು ನಿಮಿಷದಲ್ಲಿ ಗ್ಲಾಸು ತಿಳಿಯಾಗಬೇಕು. ಹೊರಗಿನ ಹಬೆಗೆ: ವೈಪರ್ ಆಡಿಸಿ, ಗ್ಲಾಸಿನ ಗುರುತಿನಿಂದ ಮುಖ-ಕಾಲಿನ ಗುರುತಿಗೆ ಬನ್ನಿ, ಬ್ಲೋವರ್ 2ಕ್ಕಿಳಿಸಿ, ನಾಬನ್ನು ನೀಲಿಯ ತುದಿಯಿಂದ ಈಚೆಗೆ ತನ್ನಿ. ಮಧ್ಯದ ವೆಂಟುಗಳ ಗಾಳಿ ಗ್ಲಾಸಿಗೆ ತಗಲುವಷ್ಟು ಮೇಲ್ಮುಖವಾಗಿದ್ದರೆ ಅದನ್ನೂ ಸ್ವಲ್ಪ ಇಳಿಸಿ. ಹೆಜಮಾಡಿ, ಮೂಲ್ಕಿ ಎಂದು ಹೆದ್ದಾರಿ 66ರಲ್ಲಿ ಒಂದೇ ಸಮ ಮಳೆಯಲ್ಲಿ ಹೋಗುವಾಗ ನನ್ನ ಅಭಿಪ್ರಾಯದಲ್ಲಿ ಉತ್ತಮ ಜೋಡಣೆ ಇದು: ಎ.ಸಿ. ಆನ್, ಹೊರಗಾಳಿ, ಗ್ಲಾಸು-ಕಾಲಿನ ಗುರುತು, ಬ್ಲೋವರ್ 2, ನಾಬ್ ಮಧ್ಯದಲ್ಲಿ. ಅದನ್ನು ಪದೇಪದೇ ಮುಟ್ಟುವ ಅಗತ್ಯ ಬರುವುದಿಲ್ಲ.

ಆಗುಂಬೆಯಂಥ ಘಾಟಿ ಹತ್ತುವಾಗ ಎಂಜಿನ್ನಿಗೆ ಭಾರವೆಂದು ಎ.ಸಿ. ಆಫ್ ಮಾಡಿ ಬ್ಲೋವರ್ ಮಾತ್ರ ಬಿಡುವವರಿದ್ದಾರೆ. ಮಳೆಯಲ್ಲಿ ಹಾಗೆ ಮಾಡಲೇಬೇಡಿ. ಕಾಯಿಲಿನ ರೆಕ್ಕೆಗಳಲ್ಲಿ ಅಂಟಿ ನಿಂತ ನೀರು, ತಂಪು ನಿಂತ ಕೂಡಲೇ ಮತ್ತೆ ಆವಿಯಾಗಿ ಗಾಳಿಯ ಜೊತೆ ನೇರ ಗ್ಲಾಸಿಗೆ ಬರುತ್ತದೆ. ಒಂದೇ ನಿಮಿಷದಲ್ಲಿ ಮುಂದಿನ ತಿರುವು ಕಾಣದಂತಾಗುತ್ತದೆ.

ಹಬೆಯ ಬಗ್ಗೆ ಇನ್ನೆರಡು ಮಾತು. ಡ್ಯಾಶ್‌ಬೋರ್ಡಿನ ಮೇಲೆ, ಗ್ಲಾಸಿನ ಬುಡದ ಉದ್ದಕ್ಕೂ ಇರುವ ಸೀಳುಗಳ ಮೇಲೆ ಮ್ಯಾಟು, ಟೋಲ್ ರಸೀದಿ, ದೇವರ ಮೂರ್ತಿ ಇಟ್ಟಿದ್ದರೆ ಆ ಭಾಗದ ಗ್ಲಾಸಿಗೆ ಗಾಳಿಯೇ ತಲುಪುವುದಿಲ್ಲ, ಸರಿಯಾಗಿ ಅಲ್ಲೇ ತುಂಡು ಮಬ್ಬು ಉಳಿಯುತ್ತದೆ. ಮತ್ತೆ, ಗ್ಲಾಸಿನ ಒಳಮೈಯಲ್ಲಿ ಪ್ಲಾಸ್ಟಿಕ್ಕಿನಿಂದ ಬಿಡುಗಡೆಯಾದ ಜಿಡ್ಡಿನ ಪದರ ಕೂತಿದ್ದರೆ ಹಬೆ ಬೇಗ ಹಿಡಿಯುತ್ತದೆ. ಗ್ಲಾಸ್ ಕ್ಲೀನರ್ ಹಾಕಿ ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಎರಡು ಸಲ ಒರೆಸಿದರೆ ವ್ಯತ್ಯಾಸ ಅದೇ ದಿನ ಕಾಣುತ್ತದೆ.

ಮುಖದ ಗುರುತಿನಲ್ಲಿದ್ದರೂ ಕಾಲಿಗೆ ಗಾಳಿ ಬರುವುದಕ್ಕೆ ಬರೋಣ. ಕಾಲಿನ ಗುರುತಿನಲ್ಲಿ ಸ್ವಲ್ಪ ಗಾಳಿ ಗ್ಲಾಸಿಗೆ ಹೋಗುವುದು ಸಹಜ, ಹಬೆ ಹಿಡಿಯಬಾರದೆಂದು ಹಾಗೆಯೇ ಮಾಡಿರುತ್ತಾರೆ. ಮುಖದ ಗುರುತಿನಲ್ಲಿ ಕಾಲಿಗೆ ಬರುವುದು ಸಹಜವಲ್ಲ. ಮೋಡ್ ಫ್ಲಾಪ್ ಪೂರ್ತಿ ಮುಚ್ಚುತ್ತಿಲ್ಲ. ಮಧ್ಯದ ವೆಂಟಿನಲ್ಲಿ ಜೋರಿಲ್ಲದ್ದಕ್ಕೂ ಇದೇ ಒಂದು ಕಾರಣ: ಅಲ್ಲಿಗೆ ಬರಬೇಕಾದ ಗಾಳಿ ಕೆಳಗೆ ಸೋರುತ್ತಿದೆ.

ನಾಬ್ ಇರುವ ಕಾರಿನಲ್ಲಿ ಇದನ್ನು ಕಣ್ಣಿಂದಲೇ ನೋಡಬಹುದು. ಗ್ಲೋವ್ ಬಾಕ್ಸಿನ ಎರಡೂ ಬದಿಯ ಗೋಡೆಗಳನ್ನು ಒಳಕ್ಕೆ ಒತ್ತಿದರೆ ಬಹಳಷ್ಟು ಕಾರುಗಳಲ್ಲಿ ಅದು ಕೆಳಗೆ ಇಳಿಯುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಕಪ್ಪು ಪೆಟ್ಟಿಗೆಯ ಪಕ್ಕದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಬಿಲ್ಲೆಯೊಂದು ಕಾಣುತ್ತದೆ (ಕೆಲವು ಕಾರುಗಳಲ್ಲಿ ಇದು ಡ್ರೈವರಿನ ಕಾಲಿನ ಬದಿಯಲ್ಲಿರುತ್ತದೆ). ಬಿಲ್ಲೆಯ ಮೈಯಲ್ಲಿ ಬಾಗಿ ಬಳುಕಿದ, ತೋಡಿದ ಗೆರೆಗಳು. ಪ್ರತಿ ಫ್ಲಾಪಿನ ಸಣ್ಣ ತೋಳಿನ ತುದಿಯ ಪಿನ್ನು ಒಂದೊಂದು ಗೆರೆಯಲ್ಲಿ ಕೂತಿರುತ್ತದೆ. ಬಿಲ್ಲೆ ತಿರುಗಿದಂತೆ ಗೆರೆಯ ಬಾಗಿಗೆ ತಕ್ಕಂತೆ ಒಂದು ತೋಳು ಏಳುತ್ತದೆ, ಇನ್ನೊಂದು ಇಳಿಯುತ್ತದೆ, ಮತ್ತೊಂದು ಇದ್ದಲ್ಲೇ ಇರುತ್ತದೆ. ಒಂದೇ ನಾಬ್ ಎರಡು ಮೂರು ಫ್ಲಾಪ್‌ಗಳನ್ನು ಆಡಿಸುವುದು ಈ ಗೆರೆಗಳ ಬಲದಿಂದ. ಎಂಜಿನ್ ಆಫ್ ಇರಲಿ. ಒಬ್ಬರು ನಾಬನ್ನು ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ತಿರುಗಿಸಲಿ, ನೀವು ಬಿಲ್ಲೆ ನೋಡಿ.

ನಾಬ್ ತುದಿ ಮುಟ್ಟಿದರೂ ಬಿಲ್ಲೆ ತುದಿಗೆ ಬೆರಳಗಲ ಹಿಂದೆ ನಿಂತರೆ, ನಾಬಿನಿಂದ ಬಿಲ್ಲೆಗೆ ಬರುವ ಕೇಬಲ್ ಸಡಿಲಾಗಿದೆ, ಇಲ್ಲವೇ ಅದರ ಹೊರಕವಚ ಕ್ಲಿಪ್ಪಿನಿಂದ ಜಾರಿದೆ. ಸರಿಪಡಿಸಲು ಹಣ ಬೇಕಿಲ್ಲ: ನಾಬನ್ನು ಮುಖದ ಗುರುತಿನ ತುದಿಗೆ ಇಡಿ, ಕ್ಲಿಪ್ ಬಿಡಿಸಿ, ಬಿಲ್ಲೆಯನ್ನು ಕೈಯಲ್ಲೇ ಅದೇ ಕಡೆಯ ತುದಿಗೆ ಒತ್ತಿ ಹಿಡಿದು, ಕವಚದ ಜೋಲನ್ನು ಎಳೆದು ಕ್ಲಿಪ್ ಮತ್ತೆ ಹಾಕಿ. ಬಿಲ್ಲೆ ಪೂರ್ತಿ ತಿರುಗಿದರೂ ಒಂದು ತೋಳು ಅಲುಗದಿದ್ದರೆ ಪಿನ್ನು ಗೆರೆಯಿಂದ ಹೊರಬಂದಿದೆ ಅಥವಾ ತೋಳು ಮುರಿದಿದೆ. ಎಲ್ಲವೂ ಸರಿಯಾಗಿ ಆಡಿ, ಆದರೂ ಗಾಳಿ ಸೋರಿದರೆ ಫ್ಲಾಪಿನ ಅಂಚಿನ ಫೋಮ್ ಹೋಗಿದೆ. ಸೆಕೆ ಮತ್ತು ತೇವ ಸೇರಿ ಆ ಫೋಮನ್ನು ಕೆಲವು ವರ್ಷಗಳಲ್ಲಿ ಅಂಟು ಪುಡಿ ಮಾಡಿಬಿಡುತ್ತವೆ. ವೆಂಟಿನಿಂದ ಕಪ್ಪು ತುಣುಕು ಹಾರಿ ಸೀಟಿನ ಮೇಲೆ ಬೀಳುತ್ತಿದ್ದರೆ ಅದೇ ಗುರುತು. ಇದಕ್ಕೆ ಪೆಟ್ಟಿಗೆ ಹೊರತೆಗೆಯಬೇಕು, ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಕಾಲಿಗೆ ಸ್ವಲ್ಪ ಗಾಳಿ ಸೋರುವುದಕ್ಕಾಗಿ ಅಷ್ಟು ದೊಡ್ಡ ಕೆಲಸಕ್ಕೆ ಕೈಹಾಕಬೇಡಿ. ಕಾಯಿಲೋ ಹೀಟರ್ ಕೋರೋ ಬದಲಿಸುವ ಸಂದರ್ಭ ಬಂದಾಗ ಜೊತೆಗೇ ಮಾಡಿಸಿ.

ತಾಪಮಾನದ ಫ್ಲಾಪಿನ ಫೋಮ್ ಹೋಗಿದ್ದರೆ ಮಾತ್ರ ವಿಷಯ ಗಂಭೀರ. ಆಗ ನಾಬ್ ನೀಲಿಯ ತುದಿಯಲ್ಲಿದ್ದರೂ ಹೀಟರ್ ಕೋರಿನ ಬಿಸಿ ಬೆರೆಯುತ್ತದೆ, ಅದನ್ನೇ ಗ್ಯಾಸ್ ಕಡಿಮೆಯೆಂದು ತಪ್ಪಾಗಿ ತಿಳಿಯುವುದು ಹೆಚ್ಚು. ಪರೀಕ್ಷೆ ಸುಲಭ: ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ. ಮೊದಲ ಐದು ನಿಮಿಷ ಚೆನ್ನಾಗಿ ತಂಪು ಬಂದು, ಎಂಜಿನ್ ಕಾದಂತೆಲ್ಲ, ಹೆದ್ದಾರಿಯ ವೇಗದಲ್ಲೂ ವೆಂಟಿನ ಗಾಳಿ ಬೆಚ್ಚಗಾಗುತ್ತ ಹೋದರೆ ಈ ಫ್ಲಾಪನ್ನು ಅನುಮಾನಿಸಿ. ನಿಂತಾಗ ಮಾತ್ರ ಬೆಚ್ಚಗಾಗಿ ಓಡುವಾಗ ತಂಪಾದರೆ ಕಂಡೆನ್ಸರಿನ ಫ್ಯಾನ್ ನೋಡಿಸಿ.

ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇರುವ ಕಾರುಗಳಲ್ಲಿ ಕೇಬಲಿನ ಜಾಗದಲ್ಲಿ ಪುಟ್ಟ ಮೋಟಾರುಗಳಿರುತ್ತವೆ. ಕಾರು ಚಾಲೂ ಮಾಡಿದಾಗ ಡ್ಯಾಶ್‌ಬೋರ್ಡಿನೊಳಗೆ ಟಿಕ್ ಟಿಕ್ ಎಂದು ಕೆಲ ಸೆಕೆಂಡ್ ಸದ್ದು ಬಂದರೆ ಮೋಟಾರಿನ ನೈಲಾನ್ ಗೇರಿನ ಹಲ್ಲು ಮುರಿದಿರುವ ಸಾಧ್ಯತೆ ಹೆಚ್ಚು. ಮೋಟಾರ್ ಬದಲಿಸಿದ ಮೇಲೆ ಅದಕ್ಕೆ ಎರಡು ತುದಿಗಳನ್ನು ಹೊಸದಾಗಿ ಕಲಿಸಬೇಕು, ಆ ಕ್ರಮ ಒಂದೊಂದು ಕಾರಿಗೆ ಒಂದೊಂದು ರೀತಿ. ನಿಮ್ಮ ಕಾರಿಗೆ ಇದು ಅನ್ವಯಿಸುವುದಿಲ್ಲ.

ಬ್ಲೋವರ್ 4ರಲ್ಲಿ ಮಾತ್ರ ತಿರುಗುವುದಕ್ಕೆ ಕಾರಣ ಬಹುತೇಕ ಖಚಿತ: ಕರೆಂಟನ್ನು ತಡೆದು ವೇಗ ಇಳಿಸುವ ರೆಸಿಸ್ಟರ್ ಸುಟ್ಟಿದೆ. 1, 2, 3ರಲ್ಲಿ ಕರೆಂಟು ರೆಸಿಸ್ಟರ್ ಮೂಲಕ ಹೋಗುತ್ತದೆ, 4ರಲ್ಲಿ ಅದನ್ನು ಬಿಟ್ಟು ನೇರ ಮೋಟಾರಿಗೆ. ರೆಸಿಸ್ಟರಿನಲ್ಲಿರುವ, ಬಿಸಿ ಹೆಚ್ಚಾದರೆ ಕರೆಂಟು ಕಡಿಯುವ ಥರ್ಮಲ್ ಫ್ಯೂಸ್ ಹಾರಿದರೆ ಕೆಳಗಿನ ಮೂರೂ ವೇಗ ಒಟ್ಟಿಗೆ ಸಾಯುತ್ತವೆ. ಆ ಬಿಡಿಭಾಗ ಗ್ಲೋವ್ ಬಾಕ್ಸಿನ ಹಿಂದೆ ಬ್ಲೋವರಿನ ಪಕ್ಕದಲ್ಲೇ ಎರಡು ಸ್ಕ್ರೂಗಳಲ್ಲಿ ಕೂತಿರುತ್ತದೆ, ಬದಲಿಸಲು ಅರ್ಧ ಗಂಟೆ ಸಾಕು. ಆದರೆ ಯಾಕೆ ಸುಟ್ಟಿತೆಂದು ನೋಡದೆ ಬದಲಿಸಿದರೆ ಹೊಸದೂ ಸುಡುತ್ತದೆ. ರೆಸಿಸ್ಟರನ್ನು ಗಾಳಿಯ ದಾರಿಯಲ್ಲೇ ಇಡುವುದು ಅದು ತಣ್ಣಗಿರಲಿ ಎಂದು. ಫಿಲ್ಟರ್ ಕಟ್ಟಿಕೊಂಡು ಗಾಳಿ ಕಡಿಮೆಯಾದರೆ ಅದು ಕಾಯುತ್ತದೆ. ಬ್ಲೋವರ್ ಚಕ್ರಕ್ಕೆ ಎಲೆ ಸಿಕ್ಕಿಕೊಂಡರೆ, ಬುಶ್ ಸವೆದು ಮೋಟಾರ್ ಬಿಗಿಯಾದರೆ ಹೆಚ್ಚು ಕರೆಂಟು ಎಳೆದು ಕಾಯಿಸುತ್ತದೆ. ಚಕ್ರವನ್ನು ಕೈಯಲ್ಲಿ ತಿರುಗಿಸಿ ಬಿಟ್ಟರೆ ಸದ್ದಿಲ್ಲದೆ ಒಂದೆರಡು ಸುತ್ತು ಹೋಗಬೇಕು. ಕನೆಕ್ಟರ್ ಬಿಚ್ಚಿ ಪಿನ್ನುಗಳನ್ನು ನೋಡಿ. ಕಡಲ ಹತ್ತಿರ ನಿಲ್ಲುವ ಕಾರುಗಳಲ್ಲಿ ಪಿನ್ನಿಗೆ ಹಸಿರು ಹಿಡಿದು, ಅಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ ಕಂದಿರುತ್ತದೆ. ಹಾಗಿದ್ದರೆ ರೆಸಿಸ್ಟರಿನ ಜೊತೆ ಕನೆಕ್ಟರನ್ನೂ ಬದಲಿಸಿ. ಥರ್ಮಲ್ ಫ್ಯೂಸಿಗೆ ತಂತಿ ಸುತ್ತಿ ನೇರ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಡ್ಯಾಶ್‌ಬೋರ್ಡಿನೊಳಗೆ ಬೆಂಕಿಗೆ ದಾರಿಯಾಗುತ್ತದೆ.

ಫಿಲ್ಟರ್ ಅಂದೆ. ಗ್ಲೋವ್ ಬಾಕ್ಸ್ ಇಳಿಸಿದಾಗ ಅದೂ ಕೈಗೆ ಸಿಗುತ್ತದೆ. ಕೆಲವು ಮಾದರಿಗಳಲ್ಲಿ ಜಾಗ ಇದ್ದು ಫಿಲ್ಟರೇ ಇರುವುದಿಲ್ಲ, ಆಗ ಧೂಳೆಲ್ಲ ಒದ್ದೆ ಕಾಯಿಲಿಗೇ ಮೆತ್ತಿರುತ್ತದೆ. ಹೊಸದನ್ನು ಹಾಕುವಾಗ ಅಂಚಿನಲ್ಲಿರುವ ಗಾಳಿಯ ಬಾಣ ಗಾಳಿ ಹರಿಯುವ ದಿಕ್ಕಿಗೇ ಇರಲಿ. ನಮ್ಮ ಕಡೆ ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ನೋಡುವುದು ಒಳ್ಳೆಯದು. ಒದ್ದೆಯಾಗಿ ಬೂಷ್ಟು ಹಿಡಿದ ಫಿಲ್ಟರನ್ನು ತೊಳೆದು ಒಣಗಿಸಿ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ. ಕಾರು ಮಾವಿನ ಮರದಡಿಯೋ ಹಲಸಿನ ಮರದಡಿಯೋ ನಿಲ್ಲುತ್ತಿದ್ದರೆ ವೈಪರಿನ ಬುಡದ ಜಾಲರಿಯ ಎಲೆಗಳನ್ನು ವಾರಕ್ಕೊಮ್ಮೆ ಕೈಯಲ್ಲೇ ಬಳಿದು ತೆಗೆಯಿರಿ. ಅಲ್ಲಿ ಎಲೆ ಕೊಳೆತರೆ ಮಳೆನೀರು ಹರಿದುಹೋಗದೆ ಬ್ಲೋವರಿನತ್ತ ಇಳಿಯುತ್ತದೆ.

ಅರ್ಧ ಗಂಟೆ ಓಡಿದ ಮೇಲೆ ವೆಂಟಿನ ಗಾಳಿ ಕ್ರಮೇಣ ಸತ್ತು, ಎ.ಸಿ. ಗುಂಡಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಜೋರಾಗುತ್ತದೆಯೇ ಎಂದೂ ಗಮನಿಸಿ. ಹಾಗಾದರೆ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಕಾಯಿಲಿಗೆ ಚುಚ್ಚಿರುವ ತಾಪಮಾನದ ಸೆನ್ಸರ್ ಹೆಪ್ಪುಗಟ್ಟುವ ಮೊದಲೇ ಕಂಪ್ರೆಸರನ್ನು ನಿಲ್ಲಿಸಬೇಕು. ಅದು ಸರಿದಿದ್ದರೆ ಅಥವಾ ಕೆಟ್ಟಿದ್ದರೆ ನಿಲ್ಲಿಸುವುದಿಲ್ಲ. ಸೆನ್ಸರ್ ಸರಿಯಿದ್ದರೆ ಫಿಲ್ಟರ್ ಕಟ್ಟಿಕೊಂಡು ಗಾಳಿ ಕಡಿಮೆಯಾಗಿದೆಯೇ ನೋಡಿ.

ನಿಮ್ಮ ಹಬೆಗೆ ಇನ್ನೊಂದು ಮೂಲ ಇರಬಹುದು, ಇದನ್ನು ತಪ್ಪದೆ ನೋಡಿ: ಮುಂದಿನ ಪ್ರಯಾಣಿಕರ ಕಾಲಡಿಯ ಕಾರ್ಪೆಟ್. ರಬ್ಬರ್ ಮ್ಯಾಟ್ ತೆಗೆದು ಕಾರ್ಪೆಟ್ಟನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ನೀರು ಒಸರಿದರೆ ಕಾಯಿಲಿನ ನೀರು ಹೊರಹೋಗುವ ಡ್ರೈನ್ ಪೈಪ್ ಕಟ್ಟಿರಬಹುದು. ಆ ಒದ್ದೆ ಕಾರ್ಪೆಟ್ ಹಗಲಿರುಳು ಆವಿ ಬಿಡುತ್ತಿದ್ದರೆ ನಾಬ್ ಎಲ್ಲಿಟ್ಟರೂ ಗ್ಲಾಸು ಮಬ್ಬಾಗುತ್ತದೆ. ಎ.ಸಿ. ಹಾಕಿ 15 ನಿಮಿಷವಾದರೂ ಕಾರಿನಡಿ ಎಡಬದಿಯಲ್ಲಿ ನೀರು ತೊಟ್ಟಿಕ್ಕದಿದ್ದರೆ ಅದೇ ಸಾಕ್ಷಿ. ಕೆಳಗಿನಿಂದ ಮೆತ್ತನೆಯ ಪ್ಲಾಸ್ಟಿಕ್ ನಳಿಕೆ ತೂರಿಸಿ ಬಿಡಿಸಬೇಕು. ಚೂಪು ತಂತಿ ಬೇಡ, ಕಾಯಿಲಿಗೆ ತೂತಾದರೆ ಗ್ಯಾಸೆಲ್ಲ ಹೋಗುತ್ತದೆ. ಒಸರಿದ ನೀರು ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ ಅದು ಕೂಲಂಟ್, ಹೀಟರ್ ಕೋರ್ ಸೋರುತ್ತಿದೆ. ಹಾಗಿದ್ದರೆ ಎಂಜಿನ್ ಕಾದು ಕೆಡುವ ಮೊದಲು ಗ್ಯಾರೇಜಿಗೆ ಒಯ್ಯಿರಿ.

ಹಿಂದೆ ಕೂತವರ ಸೆಕೆಗೆ: ತಣ್ಣನೆಯ ಗಾಳಿ ಕೆಳಗಿಳಿಯುವಂಥದ್ದು. ಬಿಸಿಲಿನ ದಿನ ಮಧ್ಯದ ಎರಡು ವೆಂಟುಗಳನ್ನು ಸ್ವಲ್ಪ ಮೇಲಕ್ಕೆ, ಮುಂದಿನ ಎರಡು ಸೀಟುಗಳ ನಡುವಿನ ಜಾಗಕ್ಕೆ ಹಿಡಿಯುವಂತೆ ತಿರುಗಿಸಿ. ಬಂದ ಗಾಳಿ ಹೊರಹೋಗಲೂ ದಾರಿ ಬೇಕು. ಹಿಂದಿನ ಬಂಪರಿನ ಒಳಗೆ, ಡಿಕ್ಕಿಯ ಬದಿಯಲ್ಲಿ ಒಂದೇ ಕಡೆಗೆ ತೆರೆಯುವ ರಬ್ಬರ್ ಪಟ್ಟಿಗಳ ಕಿಂಡಿ ಇರುತ್ತದೆ. ಸಾಮಾನು ಒತ್ತಿಯೋ ಬಂಪರ್ ರಿಪೇರಿಯಲ್ಲಿ ಮುಚ್ಚಿಯೋ ಹೋಗಿದ್ದರೆ ಹೊರಗಾಳಿ ಒಳಬರಲು ತಿಣುಕುತ್ತದೆ. ಹೊರಗಾಳಿಯಲ್ಲಿ ಬ್ಲೋವರ್ 4 ಇಟ್ಟು ಹಿಂದಿನ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ. ವೆಂಟಿನ ಗಾಳಿ ಒಮ್ಮೆಗೇ ಜೋರಾದರೆ ಆ ಕಿಂಡಿ ನೋಡಿಸಿ. ಬೇಸಿಗೆಯಲ್ಲಿ ಬೇಗ ತಂಪಾಗಲು ಒಳಗಾಳಿಯೇ ಸರಿ. ಆದರೆ ನಾಲ್ಕೈದು ಮಂದಿ ಇದ್ದಾಗ ಅದರಲ್ಲೇ ಗಂಟೆಗಟ್ಟಲೆ ಹೋಗಬೇಡಿ. ಉಸಿರಿನ ಇಂಗಾಲದ ಡೈಆಕ್ಸೈಡ್ ಏರಿ ಡ್ರೈವರಿಗೆ ತೂಕಡಿಕೆ ಬರುತ್ತದೆ.

ಗ್ಯಾಸಿನ ಪ್ರಶ್ನೆ ಕೊನೆಗೆ. ಅದು ಎಣ್ಣೆಯಂತೆ ಉರಿದು ಖಾಲಿಯಾಗುವುದಿಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಮೇಲಿನದ್ದೆಲ್ಲ ಸರಿಪಡಿಸಿದ ಮೇಲೆ, ಕಡ್ಡಿಯಂಥ ಥರ್ಮಾಮೀಟರನ್ನು ಮಧ್ಯದ ವೆಂಟಿಗೆ ಸಿಕ್ಕಿಸಿ, ಗಾಜು ಮುಚ್ಚಿ, ಒಳಗಾಳಿ, ಫುಲ್ ಕೂಲ್, ಬ್ಲೋವರ್ 2, ಎಂಜಿನ್ 1500 ಆರ್‌ಪಿಎಂ ಸುಮಾರು ಹತ್ತು ನಿಮಿಷ ಇಡಿ. ನಮ್ಮ ತೇವದ ಹವೆಯಲ್ಲಿ 8ರಿಂದ 12 ಡಿಗ್ರಿ ಬಂದರೆ ಗ್ಯಾಸ್ ಮುಟ್ಟಬೇಡಿ. 15ರ ಮೇಲೆ ನಿಂತರೆ, ಅಥವಾ ಎಡ ಮತ್ತು ಬಲದ ವೆಂಟುಗಳ ನಡುವೆ 5–6 ಡಿಗ್ರಿ ವ್ಯತ್ಯಾಸ ಕಂಡರೆ ಕಾಯಿಲಿನ ಒಂದು ಭಾಗ ಮಾತ್ರ ತಣ್ಣಗಾಗುತ್ತಿರಬಹುದು, ಗ್ಯಾಸ್ ಕಡಿಮೆಯಾದಾಗ ಹಾಗಾಗುತ್ತದೆ. ಆಗಲೂ ಮೊದಲು ಸೋರುವ ಜಾಗ ಹುಡುಕಿಸಿ. ಎಷ್ಟು ಗ್ಯಾಸ್ ಹಾಕಬೇಕೆಂದು ಬಾನೆಟ್ಟಿನ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ, ಆರ್-134ಎ ಎಂಬ ಗ್ಯಾಸ್ ಇರುವ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 350ರಿಂದ 500 ಗ್ರಾಂ. ಅಂದಾಜಿನ ಮೇಲೆ ತುಂಬಿಸಲು ಬಿಡಬೇಡಿ, ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ. ಮೆಷೀನಿನಲ್ಲಿ ತೂಕ ಮಾಡಿಸಿ, ತೆಗೆದದ್ದು ಎಷ್ಟು ಗ್ರಾಂ, ಹಾಕಿದ್ದು ಎಷ್ಟು ಗ್ರಾಂ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.